ಮಂಜಿನ ಬಲೆ, ನಲ್ಲಿಯ ಕೀಲಿ

ಚಿಲಿ ದೇಶದ ಉತ್ತರ ಭಾಗದಲ್ಲಿ, ಅಟಕಾಮಾ ಮರುಭೂಮಿಯ ಅಂಚಿಗೆ, ಕಡಲ ಮಗ್ಗುಲಿನಿಂದ ಗೋಡೆಯಂತೆ ಎದ್ದು ನಿಂತ ದಿಬ್ಬದ ಮೇಲೆ ಆಲ್ಟೊ ಓಸ್ಪಿಸಿಯೊ ಎಂಬ ಪಟ್ಟಣವಿದೆ. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಐದು ಮಿಲಿಮೀಟರಿಗೂ ಕಡಿಮೆ. ನಮ್ಮಲ್ಲಿ ಅಷ್ಟು ಮಳೆ ಹನಿದರೆ ಸಂತೆಯ ವ್ಯಾಪಾರಿಗಳು ಗೋಣಿಯನ್ನು ಕೂಡ ಮುಚ್ಚುವುದಿಲ್ಲ. ಪಟ್ಟಣದ ಹೊರ ಅಂಚಿನ ಗುಡಿಸಲುಗಳಲ್ಲಿ ಸುಮಾರು ಹತ್ತು ಸಾವಿರ ಮಂದಿ ಬಡವರು ವಾಸವಾಗಿದ್ದಾರೆ. ಆ ಗುಡಿಸಲುಗಳ ಪೈಕಿ ನಲ್ಲಿಯ ಸಂಪರ್ಕವಿರುವುದು ನೂರಕ್ಕೆ ಎರಡಕ್ಕೂ ಇಲ್ಲ. ಉಳಿದವರು ಲಾರಿಯ ಹಾದಿ ಕಾಯಬೇಕು. ಬಂದಾಗ ಪೀಪಾಯಿ ತುಂಬಿಸಿಕೊಳ್ಳಬೇಕು. ಮುಂದಿನ ಲಾರಿ ಬರುವವರೆಗೆ ಅಳೆದು ಅಳೆದು ಬಳಸಬೇಕು.

ಹಾಗೆಂದು ಆ ಊರಿನ ಬಳಿಗೆ ನೀರು ಸುಳಿಯುವುದೇ ಇಲ್ಲವೆಂದಲ್ಲ. ಕಡಲಿನಿಂದ ಎದ್ದ ಮಂಜು ಆ ದಿಬ್ಬವನ್ನು ಹತ್ತಿ, ಗುಡ್ಡಗಳನ್ನು ಸವರಿ, ಒಂದು ಹನಿಯನ್ನೂ ಚೆಲ್ಲದೆ ಮರುಭೂಮಿಯ ಕಡೆಗೆ ಸಾಗಿ ಒಣಗಿಹೋಗುತ್ತದೆ. ಈ ಮಂಜನ್ನು ಬಲೆಯೊಡ್ಡಿ ಹಿಡಿದರೆ ಎಷ್ಟು ನೀರು ಸಿಕ್ಕೀತೆಂದು ಚಿಲಿಯ ಮಾಯೋರ್ ವಿಶ್ವವಿದ್ಯಾಲಯದ ವರ್ಜೀನಿಯಾ ಕಾರ್ಟರ್ ಮತ್ತು ಅವರ ಸಂಗಡಿಗರು ವರ್ಷಪೂರ್ತಿ ಅಳೆದು ನೋಡಿ, 2025ರ ಫೆಬ್ರವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಊರಿನ ಹೊರಗಿನ ಎತ್ತರದ ನೆಲದಲ್ಲಿ ಒಂದು ಚದರ ಮೀಟರು ಬಲೆಗೆ ದಿನಕ್ಕೆ ಸರಾಸರಿ ಎರಡೂವರೆ ಲೀಟರು ನೀರು ಸಿಗುತ್ತದೆ. 17,000 ಚದರ ಮೀಟರು ಬಲೆ ಕಟ್ಟಿದರೆ, ಈಗ ಲಾರಿಗಳು ಗುಡಿಸಲುಗಳಿಗೆ ವಾರಕ್ಕೆ ಸಾಗಿಸುವ ಮೂರು ಲಕ್ಷ ಲೀಟರನ್ನು ಮಂಜಿನಿಂದಲೇ ಪಡೆಯಬಹುದು ಎಂಬುದು ಅವರ ಲೆಕ್ಕ.

ಲೋಕದ ಪತ್ರಿಕೆಗಳು ಈ ಸುದ್ದಿಯನ್ನು ಬೆರಗಿನಿಂದ ಅಚ್ಚುಮಾಡಿದವು. ಬೆರಗಿನ ಸಂಗತಿಯೇ ಹೌದು. ಆದರೆ ಕೊಡ ಹಿಡಿದು ಸರದಿಯಲ್ಲಿ ನಿಂತು ಬಲ್ಲವರಾದ ನಾವು ಬೆರಗಿನೊಂದಿಗೆ ಸ್ವಲ್ಪ ಲೆಕ್ಕವನ್ನೂ ಮಾಡಬೇಕಾಗಿದೆ. ಮೂರು ಲಕ್ಷ ಲೀಟರನ್ನು ಹತ್ತು ಸಾವಿರ ತಲೆಗೆ ಹಂಚಿ, ಏಳು ದಿನಕ್ಕೆ ಭಾಗಿಸಿ ನೋಡಿರಿ. ಒಬ್ಬನಿಗೆ ದಿನಕ್ಕೆ ನಾಲ್ಕು ಲೀಟರು ಚಿಲ್ಲರೆ! ಕುಡಿಯಲು, ಗಂಜಿ ಬೇಯಿಸಲು, ಮಗುವಿನ ಮೈ ತೊಳೆಯಲು, ಬಟ್ಟೆ ಒಗೆಯಲು, ಎಲ್ಲಕ್ಕೂ ಸೇರಿ ಒಂದು ಸಣ್ಣ ಕ್ಯಾನು. ಮನುಷ್ಯನ ಮೂಲಭೂತ ಅಗತ್ಯಕ್ಕೆ ದಿನಕ್ಕೆ 50ರಿಂದ 100 ಲೀಟರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವತ್ತನ್ನೇ ಹಿಡಿದರೂ, ಎರಡೂವರೆ ಲೀಟರಿನ ಸರಾಸರಿಯಲ್ಲಿ ಬೇಕಾಗುವ ಬಲೆ ಎರಡು ಲಕ್ಷ ಚದರ ಮೀಟರು. ಲಾರಿ ಇಂದು ಎಷ್ಟು ಕೊಡುತ್ತದೋ ಅಷ್ಟೇ ಬಡವನ ಅಗತ್ಯವೆಂದು ಕೊಳಗ ಹಿಡಿದು ಕುಳಿತರೆ, ಬಲೆ ಬಂದರೂ ಅವನ ಪೀಪಾಯಿ ತುಂಬುವುದಿಲ್ಲ. ಇದು ಆ ವಿಜ್ಞಾನಿಗಳ ತಪ್ಪಲ್ಲ. ಅವರು ಲಾರಿಯ ನೀರಿನ ಜಾಗಕ್ಕೆ ಮಂಜಿನ ನೀರು ಸಾಲುತ್ತದೆಯೇ ಎಂದು ನೋಡಿದರು, ಸಾಲುತ್ತದೆ ಎಂದರು. ಲಾರಿಯ ನೀರೇ ಸಾಲದು ಎಂದು ಹೇಳಬೇಕಾದವರು ಬೇರೆ.

ಇರಲಿ. ಮೊದಲು ಈ ಬಲೆಯ ಸಂಗತಿಯನ್ನು ತಿಳಿಯೋಣ. ನಮ್ಮ ಓದುಗರಲ್ಲಿ ಅನೇಕರು ನೂಲಿನ ಕೆಲಸ ಬಲ್ಲವರಾದ್ದರಿಂದ ಅದು ಕಷ್ಟವಾಗಲಾರದು.

ದಕ್ಷಿಣ ಅಮೇರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಹಂಬೋಲ್ಟ್ ಪ್ರವಾಹವೆಂಬ ತಣ್ಣನೆಯ ಕಡಲ ಹೊಳೆ ಹರಿಯುತ್ತದೆ. ಅದರ ಮೇಲಿನ ಗಾಳಿ ತಂಪಾಗಿ, ತೇವ ಸಣ್ಣ ಕಣಗಳಾಗಿ, ತಗ್ಗಿನ ಮೋಡದ ಒಂದು ಹೊದಿಕೆ ಹರಡುತ್ತದೆ. ಮೇಲ್ಗಡೆ ಬಿಸಿಗಾಳಿಯ ಪದರವಿರುವುದರಿಂದ ಆ ಮೋಡ ಎತ್ತರಕ್ಕೆ ಏರಲಾರದು. ಮಳೆಯಾಗಿ ಇಳಿಯಲೂ ಆರದು. ಅದು ಕರಾವಳಿಯ ಗುಡ್ಡಕ್ಕೆ ಬಂದು ತಾಗಿದಾಗ ಗುಡ್ಡದ ಮೇಲಿರುವವನಿಗೆ ಮಂಜು. ಆ ಸೀಮೆಯವರು ಅದನ್ನು ಕಮಂಚಾಕಾ ಎಂದು ಕರೆಯುತ್ತಾರೆ. ಮಂಜಿನ ಒಂದು ಕಣ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸಿನದು. ಇಷ್ಟು ಹಗುರವಾದ ಹನಿ ತಾನಾಗಿ ನೆಲಕ್ಕೆ ಬೀಳದು. ಗಾಳಿ ಕರೆದೊಯ್ದಲ್ಲಿಗೆ ಹೋಗುತ್ತದೆ. ಒಂದು ಘನ ಮೀಟರು ಮಂಜಿನಲ್ಲಿ ಇರುವ ನೀರು ಸಾಮಾನ್ಯವಾಗಿ ಅರ್ಧ ಗ್ರಾಮಿಗೂ ಕಡಿಮೆ.

ಗಾಳಿಗೆ ಅಡ್ಡಲಾಗಿ ಎರಡು ಕಂಬ ನೆಟ್ಟು ನಡುವೆ ಬಲೆ ಬಿಗಿದರೆ, ಗಾಳಿ ಕಣ್ಣಿನೊಳಗಿಂದ ನುಸುಳಿಹೋಗುತ್ತದೆ, ಹನಿ ಎಳೆಗೆ ಬಡಿದು ಅಂಟುತ್ತದೆ. ಒಂದಕ್ಕೊಂದು ಕೂಡಿ ತೂಕ ಹೆಚ್ಚಿದಾಗ ಎಳೆಗುಂಟ ಜಾರಿ, ಕೆಳಗೆ ಕಟ್ಟಿದ ದೋಣಿಗೆ ಬೀಳುತ್ತದೆ. ಸೂರಿನ ನೀರು ಹಿಡಿಯಲು ನಾವು ಕಟ್ಟುವ ದೋಣಿಯಂಥದೇ. ಅಲ್ಲಿಂದ ಕೊಳವೆ, ಕೊಳವೆಯಿಂದ ತೊಟ್ಟಿ. ಎಂಜಿನ್ನು ಬೇಡ, ವಿದ್ಯುತ್ತು ಬೇಡ, ಗುಡ್ಡದ ಇಳಿಜಾರೇ ನೀರನ್ನು ಊರಿಗೆ ತರುತ್ತದೆ. ಬಟ್ಟೆಯನ್ನು ಒತ್ತಾಗಿ ನೇಯ್ದರೆ ಕೆಲಸ ಕೆಡುತ್ತದೆ, ಏಕೆಂದರೆ ಗಾಳಿಯು ಗೋಡೆ ಕಂಡಂತೆ ಪಕ್ಕಕ್ಕೆ ತಿರುಗಿಕೊಂಡು ಹನಿಯನ್ನೂ ಜೊತೆಗೆ ಕೊಂಡೊಯ್ಯುತ್ತದೆ. ತೀರ ಬಿಡಿಯಾಗಿಸಿದರೆ ಹನಿ ಎಳೆಗೆ ತಾಗದೆ ಪಾರಾಗುತ್ತದೆ. ಆದ್ದರಿಂದ ಹದವಾದ ಬಲೆ ಬೇಕು. ಬಹಳ ಕಾಲದಿಂದ ಬಳಕೆಯಲ್ಲಿರುವುದು ರಾಶೆಲ್ ಎಂಬ ಹೆಣಿಗೆಯ ಬಲೆ, ಎರಡು ಪದರ ಮಾಡಿ ಬಿಗಿಯುತ್ತಾರೆ. ಗಾಳಿಗೆ ಪದರಗಳು ಒಂದಕ್ಕೊಂದು ಉಜ್ಜಿ ನೀರು ಬೇಗ ಜಾರುತ್ತದೆ. ಇದೇನೂ ವಿದೇಶದಿಂದ ತರಿಸಬೇಕಾದ ಅಪೂರ್ವ ವಸ್ತುವಲ್ಲ. ಸಸಿ ಮಡಿಗಳ ಮೇಲೆ, ತರಕಾರಿ ಅಂಗಡಿಗಳ ಮುಂದೆ ಬಿಸಿಲು ತಡೆಯಲು ಕಟ್ಟುತ್ತೇವಲ್ಲ, ಆ ಶೇಡ್ ನೆಟ್ಟಿನ ಜಾತಿಯದೇ. ಅಮೇರಿಕದ ಎಂ.ಐ.ಟಿ. ಮತ್ತು ಚಿಲಿಯ ಕೆಥೊಲಿಕ್ ವಿಶ್ವವಿದ್ಯಾಲಯದವರು ಸೇರಿ 2013ರಲ್ಲಿ, ಸಣ್ಣ ಎಳೆಯ ಉಕ್ಕಿನ ಜಾಲರಿಗೆ ನೀರು ಬೇಗ ಜಾರುವ ಲೇಪ ಹಚ್ಚಿದರೆ ಹಳೆಯ ಬಲೆಗಿಂತ ಐದು ಪಟ್ಟು ನೀರು ಹಿಡಿಯಬಹುದೆಂದು ತೋರಿಸಿದರು. ಬೆಲೆ ಇಳಿದೀತೇ ಎಂಬುದು ಬೇರೆ ಮಾತು.

ಈ ಉಪಾಯವನ್ನು ಮೊದಲು ಪಳಗಿಸಿದವರಲ್ಲಿ ಚಿಲಿಯ ಆಂಟೊಫಗಾಸ್ಟಾದ ಭೌತಶಾಸ್ತ್ರದ ಅಧ್ಯಾಪಕ ಕಾರ್ಲೋಸ್ ಎಸ್ಪಿನೋಸಾ ಪ್ರಮುಖರು. 1950ರ ದಶಕದ ಕೊನೆಯಿಂದ ಅವರು ಮಂಜಿನ ನೀರಿನ ಹಿಂದೆ ಬಿದ್ದರು. ತಮ್ಮ ಸಾಧನದ ಪೇಟೆಂಟನ್ನು ಲಾಭಕ್ಕೆ ಮಾರದೆ ಯುನೆಸ್ಕೋಗೆ ಬಿಟ್ಟುಕೊಟ್ಟರು. ಇಂಥವರನ್ನು ಸ್ಮರಿಸುವುದು ನಮಗೆ ಸಂತೋಷದ ವಿಷಯ. ಮರವೇ ಬಲೆಯಾದ ಕಥೆ ಇನ್ನೂ ಹಳೆಯದು. ಆಫ್ರಿಕದ ಪಶ್ಚಿಮಕ್ಕಿರುವ ಕೆನರಿ ದ್ವೀಪಗಳಲ್ಲೊಂದಾದ ಎಲ್ ಹಿಯೆರೊದಲ್ಲಿ ಗರೋಯೆ ಎಂಬ ಒಂದು ಹೆಮ್ಮರವಿತ್ತು. ಅದರ ಎಲೆಗಳು ಮಂಜನ್ನು ಹಿಡಿದು ತೊಟ್ಟಿಕ್ಕಿಸಿ ದ್ವೀಪದ ಜನರಿಗೆ ಕುಡಿಯುವ ನೀರಾಗುತ್ತಿತ್ತು. ಸ್ಪೇನಿನವರು ದ್ವೀಪ ಗೆಲ್ಲಲು ಬಂದಾಗ, ಬಾಯಾರಿ ಹಿಂದಿರುಗಿ ಹೋಗಲೆಂದು ಜನರು ಆ ಮರವನ್ನೇ ಮುಚ್ಚಿಟ್ಟರೆಂದು ಐತಿಹ್ಯ ಹೇಳುತ್ತದೆ. ಗುಟ್ಟು ಹೊರಬಿತ್ತು, ದ್ವೀಪ ಸೋತಿತು. ಮರ 1610ರ ಬಿರುಗಾಳಿಗೆ ಉರುಳಿತು.

ಇನ್ನು ಶುದ್ಧತೆಯ ಪ್ರಶ್ನೆ. ಕಡಲ ಮೇಲಿಂದ ಬರುವ ಮಂಜಿನ ನೀರು ಬಹಳ ನಿರ್ಮಲ. ಎಲ್ ತೋಫೊ ಗುಡ್ಡದ ನೀರನ್ನು ಪರೀಕ್ಷಿಸಿದವರು ಅದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಸರಿಹೊಂದುತ್ತದೆಂದು ಕಂಡರು. ಆದರೆ ನಿರ್ಮಲವಾಗಿರುವುದು ಬಲೆಗೆ ತಾಗುವವರೆಗೆ. ಒಣ ದಿನಗಳಲ್ಲಿ ಬಲೆಯ ಮೇಲೆ ಧೂಳು ಕೂರುತ್ತದೆ, ಹಕ್ಕಿ ಹಿಕ್ಕೆ ಬೀಳುತ್ತದೆ, ದೋಣಿಯಲ್ಲಿ ಪಾಚಿ ಕಟ್ಟುತ್ತದೆ, ತೊಟ್ಟಿಯಲ್ಲಿ ಹುಳ ಬೀಳುತ್ತದೆ. ಅದಕ್ಕಾಗಿ ಮೊದಲ ಮಂಜಿನ ನೀರನ್ನು ಹೊರಗೆ ಚೆಲ್ಲಬೇಕು, ಮರಳಿನ ಸೋಸುಕವಿಟ್ಟು ಸೋಸಬೇಕು, ಕ್ಲೋರೀನು ಹಾಕಬೇಕು, ಇಲ್ಲವೇ ನೇರಳಾತೀತ ದೀಪದ ಬೆಳಕಿನಲ್ಲಿ ಹಾಯಿಸಬೇಕು, ಮನೆಯಲ್ಲಾದರೆ ಕುದಿಸಬೇಕು. ಈ ನೀರಿನಲ್ಲಿ ಲವಣಾಂಶ ಅತ್ಯಲ್ಪ, ರುಚಿ ಸಪ್ಪೆ. ಕೆಲವೆಡೆ ಬಾವಿಯ ನೀರಿನೊಡನೆ ಬೆರೆಸಿ ಕೊಡುವುದುಂಟು.

ಊರಿನ ಹೊಗೆ ಬೆರೆತ ಮಂಜಿನ ಮಾತು ಬೇರೆಯೇ. ಮಂಜಿನ ಕಣ ಗಾಳಿಯಲ್ಲಿರುವ ಗಂಧಕದ ಹೊಗೆಯನ್ನೂ ಸೀಸವನ್ನೂ ಮಸಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಐದು ದಿನ ಕವಿದ ಹೊಗೆಮಂಜು ಆಗಿನ ಲೆಕ್ಕದಂತೆ ನಾಲ್ಕು ಸಾವಿರ ಜೀವಗಳನ್ನು ತೆಗೆದುಕೊಂಡಿತು. ಸತ್ತವರು ಅದಕ್ಕಿಂತ ಬಹಳ ಹೆಚ್ಚೆಂದು ಅನಂತರದ ಅಧ್ಯಯನಗಳು ಹೇಳಿದವು. ಚಳಿಗಾಲದ ದಿಲ್ಲಿಯಲ್ಲಿ ಬಲೆ ಕಟ್ಟಿ ನೀರು ಹಿಡಿದು ಕುಡಿಯಿರೆಂದು ಯಾರಾದರೂ ಹೇಳಿದರೆ ಅವರನ್ನೇ ಮೊದಲು ಕುಡಿಯಲು ಕೇಳಬೇಕು. ಕಾರ್ಖಾನೆಯ ಚಿಮಣಿಯ ನೆರಳಿನಲ್ಲಿ ಬಾಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಚುಂಗುಂಗೊ ಎಂಬ ಹಳ್ಳಿಯ ಕಥೆ. ಮಂಜಿನ ನೀರಿನ ಬಗ್ಗೆ ಭಾಷಣ ಮಾಡುವವರೆಲ್ಲ ಈ ಕಥೆಯ ಮೊದಲರ್ಧವನ್ನು ಹೇಳುತ್ತಾರೆ, ಉಳಿದರ್ಧವನ್ನು ನುಂಗುತ್ತಾರೆ.

ಚುಂಗುಂಗೊ ಚಿಲಿಯ ಕರಾವಳಿಯ ಒಂದು ಮೀನುಗಾರರ ಹಳ್ಳಿ. ಅದರ ಹಿಂದೆ ಎಲ್ ತೋಫೊ ಗುಡ್ಡ. ಅಮೇರಿಕದ ಬೆತ್ಲೆಹೆಮ್ ಉಕ್ಕಿನ ಕಂಪನಿ ಆ ಗುಡ್ಡದ ಕಬ್ಬಿಣದ ಅದಿರನ್ನು ದಶಕಗಳ ಕಾಲ ಅಗೆದು ಸಾಗಿಸಿತು. ಅದಿರು ಮುಗಿದ ಮೇಲೆ ಗಣಿ ಮುಚ್ಚಿತು, ಗಣಿಯ ಊರು ಪಾಳುಬಿತ್ತು. ಕೆಳಗಿನ ಹಳ್ಳಿಗೆ ಲಾರಿಯಲ್ಲಿ ನೀರು ಬರತೊಡಗಿತು. ತಲೆಗೆ ದಿನಕ್ಕೆ ಹದಿನಾಲ್ಕು ಲೀಟರಿನಷ್ಟು. 1987ರ ಹೊತ್ತಿಗೆ ಚಿಲಿಯ ಅರಣ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯದವರು ಕೆನಡಾ ದೇಶದ ಹಣದ ನೆರವಿನಿಂದ ಗುಡ್ಡದ ನೆತ್ತಿಯಲ್ಲಿ ಬಲೆ ಕಟ್ಟತೊಡಗಿದರು. ಒಂದೊಂದು ಬಲೆಯೂ ಹನ್ನೆರಡು ಮೀಟರು ಉದ್ದ, ನಾಲ್ಕು ಮೀಟರು ಎತ್ತರ. 1992ರಲ್ಲಿ ನೀರು ಕೊಳವೆಯ ಮೂಲಕ ಹಳ್ಳಿಗೆ ಇಳಿದು ಮನೆಮನೆಯ ನಲ್ಲಿಗೆ ಬಂತು. ಎಪ್ಪತ್ತೈದು ಬಲೆಗಳಿಂದ ದಿನಕ್ಕೆ ಸರಾಸರಿ ಹನ್ನೊಂದು ಸಾವಿರ ಲೀಟರು. ಮುನ್ನೂರ ಮೂವತ್ತು ಜನರಿಗೆ ತಲೆಗೆ ಮೂವತ್ತಮೂರು ಲೀಟರು. ಲಾರಿ ಕೊಡುತ್ತಿದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಮನೆಗಳ ಹಿತ್ತಲಲ್ಲಿ ತರಕಾರಿ ಬೆಳೆದವು. ದೇಶದೇಶಗಳಿಂದ ನೋಡುವವರು ಬಂದರು, ಚಿತ್ರ ತೆಗೆದರು, ವರದಿ ಬರೆದರು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಬಲೆಗಳು ಹರಿದು ಜೋತಾಡುತ್ತಿದ್ದವು. ಹಳ್ಳಿಗೆ ಮತ್ತೆ ಲಾರಿ ಬಂತು.

ಏಕೆ ಹೀಗಾಯಿತು? ಮಂಜು ಕೈಕೊಡಲಿಲ್ಲ, ಅದು ಎಂದಿನಂತೆ ಬಂದು ಹೋಗುತ್ತಲೇ ಇತ್ತು. ನೀರು ಬಂದದ್ದರಿಂದ ಹಳ್ಳಿ ಬೆಳೆಯಿತು, ಹೊರಗಿನವರು ಬಂದು ಮನೆ ಕಟ್ಟಿದರು, ಬೇಡಿಕೆ ಏರಿತು; ಬಲೆಗಳ ಸಂಖ್ಯೆ ಆ ಲೆಕ್ಕದಲ್ಲಿ ಏರಲಿಲ್ಲ. ಗುಡ್ಡದ ಮೇಲಿನ ಗಾಳಿ ಬಲೆ ಹರಿಯುತ್ತದೆ, ಹಗ್ಗ ಸಡಿಲಿಸುತ್ತದೆ, ಕಂಬ ಒರಗಿಸುತ್ತದೆ. ಅದನ್ನು ದಿನವೂ ನೋಡಿಕೊಳ್ಳಲು ಸಂಬಳದ ಆಳು ಬೇಕು, ಹೊಸ ಬಲೆಗೆ ಹಣ ಬೇಕು. ಯೋಜನೆ ತಂದವರ ಹಣ ಮುಗಿದಿತ್ತು. ಊರವರಿಗೆ ತಾವು ಈ ಬಲೆಯ ಒಡೆಯರೆಂಬ ಭಾವನೆ ಬೇರೂರಲೇ ಇಲ್ಲ, ಏಕೆಂದರೆ ಯೋಜನೆ ರೂಪಿಸಿದಾಗ ಅವರನ್ನು ಕೇಳಿದವರು ಕಡಮೆ. ಇದರ ಮೇಲೆ ಇನ್ನೊಂದು ಮಾತಿದೆ. ಪಟ್ಟಣದವನಿಗೆ ತಿರುಗಿಸಿದಷ್ಟು ಬರುವ ನಲ್ಲಿ, ನಮಗೆ ಮಾತ್ರ ಗಾಳಿ ಬೀಸಿದರೆ ನೀರು, ಬೀಸದಿದ್ದರೆ ಇಲ್ಲ. ನಾವೇನು ಎರಡನೆಯ ದರ್ಜೆಯ ಪ್ರಜೆಗಳೇ ಎಂದು ಹಳ್ಳಿಯವರಿಗೆ ಅನ್ನಿಸಿತು. ಅದನ್ನು ಕೃತಘ್ನತೆಯೆಂದು ಬರೆದ ಪಂಡಿತರನ್ನು ನಾವು ಒಪ್ಪಲಾರೆವು. ಮೀನುಗಾರನಿಗೂ ಮಾನವಿದೆ. ನೆರೆಯ ಊರಿಗೆ ಇರುವ ನಲ್ಲಿಯನ್ನು ತನ್ನ ಊರಿಗೂ ಕೇಳುವುದು ಅವನ ಹಕ್ಕು. ಬಲೆಯನ್ನೂ ಕಾಪಾಡಿಕೊಂಡು, ಕೊಳವೆಯನ್ನೂ ಕೇಳುವ ದಾರಿಯನ್ನು ಅವನಿಗೆ ಯಾರೂ ತೋರಿಸಲಿಲ್ಲ ಎಂಬುದೇ ಖೇದದ ಸಂಗತಿ.

ಮೊರಾಕ್ಕೊ ದೇಶದ ಬೂತ್‌ಮೆಜ್‌ಗೀದಾ ಬೆಟ್ಟದಲ್ಲಿ ಸ್ವಲ್ಪ ಬೇರೆ ರೀತಿ ನಡೆಯಿತು. ಸಿದಿ ಇಫ್ನಿ ಕರಾವಳಿಯ ಹಿಂದಿರುವ ಈ ಬೆಟ್ಟ 1,225 ಮೀಟರು ಎತ್ತರ. ಸುತ್ತಲಿನ ಬರ್ಬರ್ ಹಳ್ಳಿಗಳಲ್ಲಿ ನೀರು ತರುವುದು ಹೆಂಗಸರ, ಹುಡುಗಿಯರ ಪಾಲಿನ ಕೆಲಸ. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ಬಾವಿಗೆ ನಡೆದು ಹೋಗಿ ಬರುವುದರಲ್ಲೇ ಸವೆಯುತ್ತಿತ್ತು. ಗಿರಣಿಯ ಅರ್ಧ ಪಾಳಿಯಷ್ಟು ದುಡಿಮೆ, ಬಿಡಿಗಾಸಿನ ಪಗಾರವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ದಾರ್ ಸಿ ಹ್ಮದ್ ಎಂಬ ಅಲ್ಲಿನ ಸಂಸ್ಥೆ ಹಲವು ವರ್ಷ ಮಂಜನ್ನು ಅಳೆದು ನೋಡಿ, ಆರುನೂರು ಚದರ ಮೀಟರು ಬಲೆ ಕಟ್ಟಿ, 2015ರ ಮಾರ್ಚಿನಲ್ಲಿ ಐದು ಹಳ್ಳಿಗಳ ಸುಮಾರು ನಾನೂರು ಜನರ ಮನೆಗಳಿಗೆ ನಲ್ಲಿ ತಂದಿತು. ನೀರನ್ನು ಸೋಸಿ, ನೇರಳಾತೀತ ಬೆಳಕಿನಲ್ಲಿ ಶುದ್ಧಿಮಾಡಿ, ಬಾವಿಯ ನೀರಿನೊಡನೆ ಬೆರೆಸಿ ಕೊಟ್ಟರು. ಬೆಟ್ಟದ ಗಾಳಿ ಅಲ್ಲಿಯೂ ಬಲೆಗಳನ್ನು ಹರಿಯಿತು. ಜರ್ಮನಿಯವರು ಗಾಳಿಗೆ ಬಾಗಿ ನಿಲ್ಲುವ ಗಟ್ಟಿ ಬಲೆ ತಯಾರಿಸಿಕೊಟ್ಟರು. ಹೆಂಗಸರಿಗೆ ಉಳಿದ ಹೊತ್ತಿಗೆ ಓದುಬರಹದ ಪಾಠ ನಡೆಯಿತು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ನೀರು ಹೊತ್ತು ತರುವಾಗ ಎಷ್ಟು ನೀರು ಯಾವುದಕ್ಕೆ ಎಂದು ತೀರ್ಮಾನಿಸುತ್ತಿದ್ದವಳು ಮನೆಯ ಹೆಂಗಸು. ಮೀಟರು ಬಿಲ್ಲು ಬಂದಾಗ ಆ ಅಧಿಕಾರ ಗಂಡಸಿನ ಕೈಗೆ ಜಾರಬಾರದೆಂದು ಸಂಸ್ಥೆಯವರು ಹೆಂಗಸರಿಗೇ ಮೊಬೈಲ್ ಫೋನು ಕೊಟ್ಟು, ಬಲೆಯ ಸ್ಥಿತಿಗತಿಯನ್ನು ವರದಿ ಮಾಡುವ ಹೊಣೆಯನ್ನು ಅವರಿಗೆ ವಹಿಸಿದರು. ಯೋಜನೆಯ ಕಡತ ಬರೆಯುವ ನಮ್ಮ ಅಧಿಕಾರಿಗಳಲ್ಲಿ ಎಷ್ಟು ಮಂದಿಗೆ ಇಂಥ ಯೋಚನೆ ಹೊಳೆದೀತು?

ಪೆರು ದೇಶದ ರಾಜಧಾನಿ ಲೀಮಾ ನಗರದ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಒಂದು ಕೋಟಿ ಜನರ ಈ ನಗರದಲ್ಲಿ ಮಳೆ ಇಲ್ಲವೆಂದರೂ ಸರಿ. ಜೂನಿನಿಂದ ನವೆಂಬರಿನವರೆಗೆ ಗುಡ್ಡಗಳ ಮೇಲೆ ಮಂಜು ಕವಿದಿರುತ್ತದೆ. ಗುಡ್ಡದ ಮೇಲಿನ ಕೂಲಿಕಾರ ಲಾರಿಯ ನೀರಿಗೆ ತೆರುವ ಬೆಲೆ, ಕೆಳಗಿನ ಬಂಗಲೆಯವನು ನಲ್ಲಿಯ ನೀರಿಗೆ ತೆರುವುದಕ್ಕಿಂತ ಹಲವು ಪಟ್ಟು ಹೆಚ್ಚು. ವಿಲ್ಯಾ ಮರಿಯಾ ದೆಲ್ ತ್ರಿಯುಂಫೊ ಮುಂತಾದ ಬಡಾವಣೆಗಳ ಜನ ತಾವೇ ಹಾರೆ ಹಿಡಿದು ಬಲೆ ಕಟ್ಟಿಕೊಂಡರು. ಆ ನೀರು ಗಿಡಕ್ಕೆ, ಬಟ್ಟೆಗೆ, ನೆಲ ತೊಳೆಯುವುದಕ್ಕೆ ಸಾಗುತ್ತದೆ. ನಗರದ ಧೂಳು ಹೊಗೆ ಬೆರೆತಿರುವುದರಿಂದ ಶುದ್ಧಿಮಾಡದೆ ಕುಡಿಯುವಂತಿಲ್ಲ. ಲಾರಿಯವನಿಗೆ ಕೊಡುವ ಹಣದಲ್ಲಿ ಅಷ್ಟಾದರೂ ಉಳಿಯಿತು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ದಿನಗೂಲಿಯವನ ಮನೆಯಲ್ಲಿ ಎರಡು ಕೊಡ ನೀರಿನ ದುಡ್ಡು ಉಳಿದರೆ ಅಂಗಡಿಯ ಉದ್ದರಿ ಅಷ್ಟು ತೀರುತ್ತದೆ. ಅಂಗಡಿಯವನ ಸಾಲವೂ ಅಷ್ಟು ಇಳಿಯುತ್ತದೆ.

ಮತ್ತೆ ಆಲ್ಟೊ ಓಸ್ಪಿಸಿಯೊಕ್ಕೆ ಬರೋಣ. ಅದು ನಿಂತಿರುವ ದಿಬ್ಬದ ಕೆಳಗೆ ಇಕೀಕೆ ಎಂಬ ಬಂದರಿದೆ. ನೀರಿನ ಒಡೆತನವೆಂದರೆ ಏನೆಂಬುದನ್ನು ತಿಳಿಯಬೇಕಾದವರು ಈ ಬಂದರಿನ ಚರಿತ್ರೆ ಓದಬೇಕು. ಹಿಂದಿನ ಮರುಭೂಮಿಯಲ್ಲಿ ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ನೈಟ್ರೇಟು ಉಪ್ಪು ಸಿಗುತ್ತಿತ್ತು. ಜಾನ್ ಥಾಮಸ್ ನಾರ್ತ್ ಎಂಬ ಇಂಗ್ಲೆಂಡಿನ ಯಂತ್ರಕರ್ಮಿ ಅಲ್ಲಿಗೆ ಬಂದು, 1880ರ ದಶಕದಲ್ಲಿ ನೈಟ್ರೇಟಿನ ದೊರೆಯೆಂದು ಹೆಸರಾದ. ಅವನ ಐಶ್ವರ್ಯಕ್ಕೆ ಉಪ್ಪಿನ ಜೊತೆಗೆ ಆಧಾರವಾದ ಇನ್ನೊಂದು ವ್ಯಾಪಾರ ನೀರಿನದು. ಇಕೀಕೆಗೆ ನೀರು ಒದಗಿಸುವ ಕಂಪನಿ ಅವನ ಕೈಯಲ್ಲಿತ್ತು. ಮಳೆಯಿಲ್ಲದ ಊರಿನಲ್ಲಿ ಬೇರೆ ಅಂಗಡಿಯಿಲ್ಲ. ನೈಟ್ರೇಟಿನ ಕಾರ್ಮಿಕರಿಗೆ ಕಂಪನಿಗಳು ನಾಣ್ಯದ ಬದಲು ಬಿಲ್ಲೆ ಕೊಡುತ್ತಿದ್ದವು, ಆ ಬಿಲ್ಲೆ ಕಂಪನಿಯ ಅಂಗಡಿಯಲ್ಲಿ ಮಾತ್ರ ಚಲಾವಣೆ. 1907ರ ಡಿಸೆಂಬರಿನಲ್ಲಿ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿ, ಹೆಂಡಿರು ಮಕ್ಕಳೊಡನೆ ಇಕೀಕೆಗೆ ಇಳಿದು ಸಾಂತಾ ಮರಿಯಾ ಶಾಲೆಯಲ್ಲಿ ತಂಗಿದರು. ಬಿಲ್ಲೆ ಪದ್ಧತಿ ನಿಲ್ಲಲಿ, ಸಣ್ಣ ವ್ಯಾಪಾರಿಗಳು ಗಣಿಯೊಳಗೆ ಬಂದು ಸ್ವತಂತ್ರವಾಗಿ ವ್ಯಾಪಾರ ಮಾಡಲು ಅವಕಾಶವಾಗಲಿ ಎಂಬುದು ಅವರ ಬೇಡಿಕೆಗಳಲ್ಲಿ ಸೇರಿತ್ತು. ಡಿಸೆಂಬರ್ 21ರಂದು ಸೈನ್ಯ ಅವರ ಮೇಲೆ ಗುಂಡು ಹಾರಿಸಿತು. ಸತ್ತವರೆಷ್ಟೆಂದು ಇಂದಿಗೂ ಲೆಕ್ಕ ಒಪ್ಪಿಲ್ಲ. ನೂರಾರು ಎನ್ನುವವರಿದ್ದಾರೆ, ಎರಡು ಸಾವಿರ ಮೀರಿತೆನ್ನುವವರಿದ್ದಾರೆ. ಕಾರ್ಮಿಕನೂ ಸಣ್ಣ ಅಂಗಡಿಕಾರನೂ ಒಂದೇ ಹಗ್ಗದಲ್ಲಿ ಕಟ್ಟಿಸಿಕೊಂಡವರೆಂಬುದನ್ನು ನೂರು ವರ್ಷಗಳ ಹಿಂದೆಯೇ ಅವರು ಕಂಡಿದ್ದರು.

ಆ ಕಾಲ ಹೋಯಿತೆಂದುಕೊಂಡರೆ ಹೋಗಿಲ್ಲ. ಪಿನೋಶೆಯ ಸೈನಿಕ ಸರ್ಕಾರ 1981ರಲ್ಲಿ ಒಂದು ಜಲ ಕಾಯಿದೆ ಮಾಡಿತು. ಅದರಂತೆ ನದಿಯ ನೀರು, ನೆಲದಡಿಯ ನೀರು ಬಳಸುವ ಹಕ್ಕನ್ನು ಸರ್ಕಾರ ಪುಕ್ಕಟೆಯಾಗಿ, ಶಾಶ್ವತವಾಗಿ ಖಾಸಗಿಯವರಿಗೆ ಕೊಡಬಹುದು. ಪಡೆದವನು ಭೂಮಿಯಿಂದ ಬೇರ್ಪಡಿಸಿ ಅದನ್ನು ಮಾರಬಹುದು, ಅಡವಿಡಬಹುದು. ಪೆಟೋರ್ಕಾ ಸೀಮೆಯಲ್ಲಿ ಪರದೇಶಕ್ಕೆ ಹೋಗುವ ಬೆಣ್ಣೆಹಣ್ಣಿನ ತೋಟಗಳು ಹಸುರಾಗಿ ನಿಂತಿರುವಾಗ ಪಕ್ಕದ ಹಳ್ಳಿಗಳು ಲಾರಿಯ ನೀರು ಕುಡಿದವು. ಜನರ ದೀರ್ಘ ಹೋರಾಟದ ಫಲವಾಗಿ 2022ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ಕುಡಿಯುವ ನೀರಿಗೆ ಮೊದಲ ಸ್ಥಾನ ಸಿಕ್ಕಿತು, ಹೊಸ ಹಕ್ಕುಗಳಿಗೆ ಮೂವತ್ತು ವರ್ಷದ ಮಿತಿ ಬಂತು. ಹಳೆಯ ಒಡೆಯರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಅವರ ಕೈಯಲ್ಲೇ ಉಳಿಯಿತು. ಹರಿಯುವ ನದಿಯನ್ನೇ ಅಡವಿಡಬಲ್ಲ ಕಾನೂನಿರುವ ನಾಡಿನಲ್ಲಿ, ನಾಳೆ ಮಂಜು ಬೀಳುವ ಗುಡ್ಡದ ನೆತ್ತಿಯನ್ನು ಯಾರಾದರೂ ಗುತ್ತಿಗೆ ಹಿಡಿದು ಬೇಲಿ ಹಾಕಿದರೆ ಆಶ್ಚರ್ಯಪಡಬೇಕೇ? ಆ ದೇಶದ ಪೇನ್ಯಾ ಬ್ಲಾಂಕಾದಲ್ಲಿ ಈಗಾಗಲೇ ಮಂಜಿನ ನೀರಿನಿಂದ ಬಿಯರ್ ತಯಾರಾಗುತ್ತಿದೆ. ಸಣ್ಣ ಕೈಗಾರಿಕೆ, ನಮಗೇನೂ ದ್ವೇಷವಿಲ್ಲ. ದಾರಿ ಯಾವ ಕಡೆಗೆ ಹೋಗಬಹುದೆಂದು ತೋರಿಸಲು ಹೇಳಿದೆವು ಅಷ್ಟೆ.

ನಮ್ಮ ನಾಡಿಗೆ ಇದರಿಂದ ಏನು ಎಂದು ಕೇಳುವವರಿದ್ದಾರೆ. ಬಯಲುಸೀಮೆಯ ಮಟ್ಟಿಗೆ ಸ್ಪಷ್ಟವಾಗಿ ಹೇಳುತ್ತೇವೆ: ಇಲ್ಲಿನ ಮಾರ್ಗಶಿರದ ಮಂಜು ತೆಳ್ಳನೆಯದು, ಗಾಳಿಯಿಲ್ಲದ್ದು, ಸೂರ್ಯ ಏರಿದರೆ ಕರಗುವಂಥದು, ಬೇಸಗೆಯಲ್ಲಿ ನೀರಿಗೆ ಹಾಹಾಕಾರ ಏಳುವಾಗ ಅದು ಇರುವುದೇ ಇಲ್ಲ. ಬಲೆ ಕಟ್ಟಿಸಿ ನೀರು ಕೊಡುತ್ತೇವೆಂದು ಯಾವನಾದರೂ ಕಂತ್ರಾಟುದಾರ ನಕ್ಷೆ ಹಿಡಿದು ಬಂದರೆ ಪುರಸಭೆಯವರು ಎಚ್ಚರವಾಗಿರಲಿ. ಆದರೆ ಪಶ್ಚಿಮಘಟ್ಟದ ನೆತ್ತಿಯಲ್ಲಿ ಬಲೆ ಆಗಲೇ ಕಟ್ಟಿದೆ. ಕುದುರೆಮುಖದ ಶೋಲಾ ಕಾಡಿನ ಕುಳ್ಳ ಮರಗಳು, ಅವುಗಳ ಮೈತುಂಬಿದ ಪಾಚಿ, ಸುತ್ತಲಿನ ಹುಲ್ಲುಗುಡ್ಡ, ಇವು ಮಳೆಯಿಲ್ಲದ ದಿನವೂ ಮೋಡವನ್ನು ತಡೆದು ತೊಟ್ಟಿಕ್ಕಿಸುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಆ ಸೀಮೆಯಲ್ಲೇ. ಅಲ್ಲಿಯೂ ಕಬ್ಬಿಣದ ಅದಿರಿಗಾಗಿ ಗುಡ್ಡ ಅಗೆದರು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2005ರ ಕೊನೆಗೆ ಗಣಿ ನಿಂತಿತು. ಅಂದು ಕೆಲಸ ಕಳೆದುಕೊಂಡ ಕಾರ್ಮಿಕರ ಸಂಕಟವನ್ನು ನಾವು ಮರೆತಿಲ್ಲ. ಭದ್ರೆಯ ನೀರು ಕುಡಿಯುವ ಊರುಗಳ ಕಾರ್ಮಿಕರೂ ಅಷ್ಟೇ ನಮ್ಮವರು.

ಟ್ಯಾಂಕರಿನ ಮಾತು ಎತ್ತುವುದೇ ಬೇಡ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿದಾಗ ಟ್ಯಾಂಕರಿನವರು ಹೇಳಿದ್ದೇ ಬೆಲೆಯಾಗಿ, ಐದು ಕಿಲೋಮೀಟರಿನೊಳಗೆ ಆರು ಸಾವಿರ ಲೀಟರಿಗೆ ಆರುನೂರು ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ನೀರು ಮನುಷ್ಯನ ಹಕ್ಕೆಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ನಿರ್ಣಯ ಮಾಡಿ ಹದಿನಾಲ್ಕು ವರ್ಷವಾಗುತ್ತ ಬಂದಿತ್ತು.

ಹೀಗಿರುವಾಗ ಆಲ್ಟೊ ಓಸ್ಪಿಸಿಯೊದ ಗುಡಿಸಲಿನವರು ಬಲೆಯನ್ನು ಬೇಡವೆನ್ನಬೇಕೆಂದು ನಾವು ಹೇಳುವುದಿಲ್ಲ. ಕಟ್ಟಲಿ. ಆ ಪಟ್ಟಣದ ನಲ್ಲಿಗಳಿಗೆ ಈಗ ಬರುತ್ತಿರುವ ನೆಲದಡಿಯ ನೀರು ಕಟ್ಟಕಡೆಗೆ ತುಂಬಿಕೊಂಡದ್ದು ಹತ್ತು ಸಾವಿರ ವರ್ಷಗಳಿಗೂ ಹಿಂದೆ. ತೆಗೆದಷ್ಟೂ ಬರಿದಾಗುವ ಗಡಿಗೆ ಅದು. ದಿನವೂ ಹೊಸದಾಗಿ ಬರುವ ಮಂಜನ್ನು ಬಿಟ್ಟುಕೊಡುವುದು ಜಾಣತನವಲ್ಲ. ಆದರೆ ಕಟ್ಟುವ ಮೊದಲು ಕೆಲವು ಮಾತು ಲಿಖಿತವಾಗಲಿ. ಗುಡ್ಡದ ನೆತ್ತಿ ಪುರಸಭೆಯ ಸ್ವತ್ತಾಗಿರಲಿ, ಯಾರಿಗೂ ಗುತ್ತಿಗೆಗೆ ಹೋಗದಿರಲಿ. ಚುಂಗುಂಗೊದ ಅಳತೆಯಲ್ಲಿ 17,000 ಚದರ ಮೀಟರೆಂದರೆ ಮುನ್ನೂರ ಐವತ್ತಕ್ಕೂ ಹೆಚ್ಚು ಬಲೆ. ಅವನ್ನು ಹೊಲಿಯಲು, ಬಿಗಿಯಲು, ತೊಳೆಯಲು, ಕ್ಲೋರೀನು ನೋಡಿಕೊಳ್ಳಲು ಆ ಗುಡಿಸಲುಗಳ ಗಂಡಸರು ಹೆಂಗಸರನ್ನೇ ಖಾಯಂ ನೌಕರರಾಗಿ, ತಿಂಗಳ ಪಗಾರದ ಮೇಲೆ ನೇಮಿಸಲಿ. ಪುಕ್ಕಟೆ ಶ್ರಮದಾನದ ಹೆಸರಿನಲ್ಲಿ ದುಡಿಸುವುದು ಬೇಡ. ಬಲೆ ಬಂತೆಂದು ಕೊಳವೆಯ ಕೆಲಸ ಒಂದು ದಿನವೂ ಹಿಂದೆ ಬೀಳದಿರಲಿ. ಮತ್ತು ಬಲೆಯಲ್ಲಿ ನೀರು ತುಂಬಿದ ವಾರ, ಲಾರಿಯ ನೀರಿನ ಲೆಕ್ಕಕ್ಕೆ ಮುಡಿಪಾಗಿದ್ದ ಹಣ ಎಲ್ಲಿಗೆ ಹೋಯಿತೆಂಬುದನ್ನು ಪುರಸಭೆಯ ಬಾಗಿಲಿಗೆ ಅಂಟಿಸಲಿ.